ಪೋರ್ಟ್ ತೆಗೆಯೋ ಮೊದಲು ಈ ಅತ್ತೆ ಮಾತು ಕೇಳು

ಪುಟ್ಟಾ, ನಿಮ್ಮಪ್ಪ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನೆಲ್ಲ ನೀನು ಕಂಪ್ಯೂಟರಿಗೆ ಇಳಿಸುತ್ತಿದ್ದೀಯ ಅಂತ ಕೇಳಿ ಬಹಳ ಸಂತೋಷವಾಯಿತು. ಮನೆಯ ಮದುವೆಗಳು, ಗೃಹಪ್ರವೇಶ, ಮಾರಮ್ಮನ ಹಬ್ಬದ ಸೋಮನ ಕುಣಿತ, ನಮ್ಮವ್ವ ಹಾಡಿದ ಸೋಬಾನೆ ಪದದ ಆಡಿಯೋ ಕ್ಯಾಸೆಟ್ಟು, ಎಲ್ಲ ಇದೆ ಅದರಲ್ಲಿ. ಅದನ್ನು ಮರಳವಾಡಿ ಮನೆಯಲ್ಲೇ ಒಂದು ಸಣ್ಣ ಕಂಪ್ಯೂಟರಿನಲ್ಲಿಟ್ಟು, ಜೆಲ್ಲಿಫಿನ್ ಅನ್ನೋ ಪ್ರೋಗ್ರಾಮ್ ಹಾಕಿ, ಬೆಂಗಳೂರಿನ ನಿನ್ನ ಚಿಕ್ಕಪ್ಪನೂ ಮೆಲ್ಬರ್ನಿನ ನಿನ್ನಕ್ಕನೂ ಅವರವರ ಟಿವಿಯಲ್ಲೇ ನೋಡುವ ಹಾಗೆ ಮಾಡ್ತೀನಿ ಅಂದೆಯಲ್ಲ, ಅದಕ್ಕೂ ನನ್ನ ಒಪ್ಪಿಗೆ ಇದೆ. ಆದರೆ ಯೂಟ್ಯೂಬಿನಲ್ಲಿ ಯಾರೋ ಹೇಳಿಕೊಟ್ಟರು ಅಂತ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡೋಕೆ ಹೊರಟಿದ್ದೀಯಂತೆ. ಅಲ್ಲೇ ಒಂಚೂರು ನಿಲ್ಲಪ್ಪ.

ಕನಕಪುರದ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿ ಜೀವನ ಮಾಡಿದವಳು ನಾನು. ಯಾರು, ಎಲ್ಲಿಂದ, ಯಾವ ನಂಬರು ಬೇಕು ಅಂತ ಕೇಳದೆ ಬೋರ್ಡಿಗೆ ಪ್ಲಗ್ ಚುಚ್ಚುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹಾಗೆ ಕೇಳೋರು ಯಾರೂ ಇಲ್ಲ. ನೀನು 8096 ಅನ್ನೋ ಪೋರ್ಟ್ ತೆಗೆದಿಟ್ಟೆ ಅಂದರೆ ಅದು ನಿನ್ನಕ್ಕನಿಗೆ ಮಾತ್ರ ತೆರೆಯೋದಿಲ್ಲ, ಲೋಕಕ್ಕೆಲ್ಲ ತೆರೆಯುತ್ತೆ. ಅದು ಜೆಲ್ಲಿಫಿನ್‌ನ ಮಾಮೂಲಿ ಪೋರ್ಟು, ಅದೇ ಥರದ ಪ್ಲೆಕ್ಸ್‌ಗಾದರೆ 32400. ಈ ನಂಬರುಗಳು ಎಲ್ಲರಿಗೂ ಗೊತ್ತು. ಜಗತ್ತಿನ ಐಪಿ ವಿಳಾಸಗಳನ್ನೆಲ್ಲ ಹಗಲೂ ರಾತ್ರಿ ತಡಕಾಡುವ ಪ್ರೋಗ್ರಾಮುಗಳಿವೆ. ಹಾಗೆ ತಡಕಿ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ ಹುಡುಕಲು ಕೊಡುವ ಶೋಡಾನ್ ಅನ್ನೋ ತಾಣ 2009ರಿಂದ ಇದೆ. ಮರಳವಾಡಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಬೇಕಾಗಿಲ್ಲ. ‘ನಮ್ಮ ಮನೇಲಿ ಏನಿದೆ ಅಂತ ಯಾರು ಬರ್ತಾರೆ’ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಬರೋದು ಯಂತ್ರ, ಅದು ಮನೆ ನೋಡಿ ಬರೋದಿಲ್ಲ.

ಇನ್ನೂ ಒಂದು ತೊಡಕಿದೆ. 8096ರಲ್ಲಿ ಹೋಗೋದು ಬರೀ ಎಚ್‌ಟಿಟಿಪಿ. ಪಾಸ್‌ವರ್ಡ್ ಯಾವ ಗೂಢಲಿಪಿಯೂ ಇಲ್ಲದೆ ಬತ್ತಲೆಯಾಗಿ ಹೋಗುತ್ತೆ. ಜೆಲ್ಲಿಫಿನ್‌ನ ಕೆಲವು ದಾರಿಗಳು ಲಾಗಿನ್ ಕೇಳದೆಯೇ ವಿಡಿಯೋ ಕೊಟ್ಟುಬಿಡುತ್ತವೆ, ಆ ಕಡತದ ಗುರುತು ಗೊತ್ತಿದ್ದರೆ ಸಾಕು ಅನ್ನೋ ದೂರು ಅದರ ಗಿಟ್‌ಹಬ್ ಪುಟದಲ್ಲಿ ಬಹಿರಂಗವಾಗಿಯೇ ದಾಖಲಾಗಿದೆ. ಜೆಲ್ಲಿಫಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಂಬಿ ಅನ್ನೋ ಪ್ರೋಗ್ರಾಮ್ ತನ್ನ ಮೂಲ ಕೋಡ್ ಮುಚ್ಚಿಕೊಂಡಾಗ, 2018ರ ಕೊನೆಯಲ್ಲಿ, ಕೆಲವರು ಕವಲೊಡೆದು ಕಟ್ಟಿದ್ದು ಅದು. ಬಿಡುವಿನಲ್ಲಿ ದುಡ್ಡಿಲ್ಲದೆ ದುಡಿಯೋರ ಕೆಲಸ, ಅದರ ಬಗ್ಗೆ ನನಗೆ ಗೌರವ ಇದೆ. ಮನೆಯೊಳಗೆ ಓಡಿಸಲು ಅದಕ್ಕಿಂತ ಒಳ್ಳೇದು ನನಗೆ ಕಾಣಿಸಿಲ್ಲ. ಬೀದಿಗೆ ತಂದು ನಿಲ್ಲಿಸಬೇಡ ಅಂತ ಅಷ್ಟೇ.

ಇದರಿಂದ ನಿಜವಾಗಿ ಏನಾಗಬಹುದು ಅಂತ ಕೇಳಿದೆಯಲ್ಲ, ಎರಡು ಕತೆ ಹೇಳ್ತೀನಿ. ಲಾಸ್ಟ್‌ಪಾಸ್ ಅಂತ ಒಂದು ಕಂಪನಿ ಇದೆ, ಜನರ ಪಾಸ್‌ವರ್ಡ್‌ಗಳನ್ನು ಜೋಪಾನ ಮಾಡೋದೇ ಅದರ ಕಸುಬು. 2022ರಲ್ಲಿ ಅದರ ಒಬ್ಬ ಎಂಜಿನಿಯರ್ ಮನೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಿದರು. ಹೇಗೆ ಗೊತ್ತಾ? ಆತ ಮನೆಯಲ್ಲಿ ಸಿನಿಮಾ ನೋಡಲು ಹಾಕಿಕೊಂಡಿದ್ದ ಪ್ಲೆಕ್ಸ್‌ನ ಮೂಲಕ. ಆ ದೋಷವನ್ನು ಪ್ಲೆಕ್ಸ್‌ನವರು 2020ರ ಮೇ ತಿಂಗಳಲ್ಲೇ ಸರಿಪಡಿಸಿದ್ದರು. ಆತ ಅಪ್‌ಡೇಟ್ ಹಾಕಿರಲಿಲ್ಲ, ಆ ಹೊತ್ತಿಗೆ ಸುಮಾರು 75 ಆವೃತ್ತಿ ಹಿಂದುಳಿದಿದ್ದ. ಕಳ್ಳರು ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಬರೆದಿಡುವ ಪ್ರೋಗ್ರಾಮ್ ಕೂರಿಸಿ, ಅವನ ಮಾಸ್ಟರ್ ಪಾಸ್‌ವರ್ಡ್ ಹಿಡಿದು, ಕಂಪನಿಯ ಗ್ರಾಹಕರ ಗುಪ್ತ ಕಡತಗಳ ಪ್ರತಿಯ ತನಕ ಹೋದರು. ಇನ್ನೊಂದು ಕತೆ ಅದೇ 2022ರ ಜನವರಿಯದು. ಕ್ಯೂನ್ಯಾಪ್ ಅನ್ನೋ ಕಂಪನಿಯ ಮನೆಬಳಕೆಯ ಸ್ಟೋರೇಜ್ ಪೆಟ್ಟಿಗೆಗಳಲ್ಲಿ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದವನ್ನು ಹುಡುಕಿ, ಡೆಡ್‌ಬೋಲ್ಟ್ ಅನ್ನೋ ಗುಂಪು ಒಳಗಿದ್ದ ಫೋಟೋ ವಿಡಿಯೋಗಳಿಗೆಲ್ಲ ಬೀಗ ಜಡಿಯಿತು. ಬಿಡಿಸಿಕೊಳ್ಳಲು ಒಂದೊಂದು ಪೆಟ್ಟಿಗೆಗೆ 0.03 ಬಿಟ್‌ಕಾಯಿನ್ ಕೇಳಿದರು. ಕಳಕೊಂಡವರಲ್ಲಿ ಬಹಳ ಜನ ನಿನ್ನಂತೆಯೇ ಮನೆಯವರ ಮುಖ ಕೂಡಿಟ್ಟವರು.

ಸರಿ, ಮತ್ತೇನು ಮಾಡೋದು?

ಮೊದಲು ರೌಟರಿನ ಪುಟ ತೆಗೆದು ವ್ಯಾನ್ ಐಪಿ ಏನಿದೆ ನೋಡು. ಅದು 100.64ರಿಂದ 100.127ರ ಒಳಗಿದ್ದರೆ ನಿನಗೆ ಸ್ವಂತ ವಿಳಾಸವೇ ಇಲ್ಲ ಅಂತ ಅರ್ಥ. ವಿಳಾಸಗಳ ಅಭಾವಕ್ಕೆ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ, ಅದಕ್ಕೆ ಸಿಜಿ-ನ್ಯಾಟ್ ಅಂತಾರೆ. ಆಗ ನೀನು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನವರು ಒಳಗೆ ಬರಲಾರರು. ಫೈಬರ್ ಎಳೆದುಕೊಟ್ಟ ಹುಡುಗ ‘ತಿಂಗಳಿಗಿಷ್ಟು ಕೊಡಿ, ಸ್ಟ್ಯಾಟಿಕ್ ಐಪಿ ಹಾಕಿಸಿಕೊಡ್ತೀನಿ’ ಅಂತಾನೆ. ಬೇಡ ಅನ್ನು. ಈ ಕೆಲಸಕ್ಕೆ ಸ್ಟ್ಯಾಟಿಕ್ ಐಪಿ ಬೇಕಾಗಿಯೇ ಇಲ್ಲ. ಇನ್ನು ಐಪಿವಿ6 ಇದ್ದರೆ ಮನೆಯ ಒಂದೊಂದು ಸಾಧನಕ್ಕೂ ಹೊರಗಿನಿಂದ ಮುಟ್ಟಬಹುದಾದ ವಿಳಾಸ ಸಿಗುತ್ತೆ. ರೌಟರಿನ ಫೈರ್‌ವಾಲ್ ಅದಕ್ಕೂ ಆನ್ ಇದೆಯಾ ನೋಡು. ಇದನ್ನು ಬಹಳ ಜನ ನೋಡೋದೇ ಇಲ್ಲ.

ನಿನಗೆ ಬೇಕಾಗಿರೋದು ವಿಪಿಎನ್. ಜಾಹೀರಾತಿನಲ್ಲಿ ತೋರಿಸ್ತಾರಲ್ಲ, ದುಡ್ಡು ಕೊಟ್ಟು ಬೇರೆ ದೇಶದಲ್ಲಿದ್ದ ಹಾಗೆ ನಟಿಸೋದು, ಅದಲ್ಲ. ನಮ್ಮ ಮೂರು ಮನೆಯ ನಡುವೆ ನಾವೇ ಎಳೆದುಕೊಳ್ಳುವ ಖಾಸಗಿ ಲೈನು. ವೈರ್‌ಗಾರ್ಡ್ ಅಂತ ಇದೆ, 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಲಿನಕ್ಸ್‌ನೊಳಗೇ ಸೇರಿಕೊಂಡಿದೆ. ಒಂದೊಂದು ಸಾಧನಕ್ಕೂ ಜೋಡಿ ಕೀಲಿ ಇರುತ್ತೆ, ಒಂದು ಬಹಿರಂಗ, ಒಂದು ರಹಸ್ಯ. ನಿನ್ನ ಪಟ್ಟಿಯಲ್ಲಿ ಇಲ್ಲದ ಕೀಲಿಯಿಂದ ಏನು ಬಂದರೂ ಅದು ಉತ್ತರವನ್ನೇ ಕೊಡೋದಿಲ್ಲ. ‘ಇಲ್ಲ’ ಅಂತಲೂ ಅನ್ನೋದಿಲ್ಲ. ತಡಕಾಡುವ ಯಂತ್ರಕ್ಕೆ ಅಲ್ಲೊಂದು ಬಾಗಿಲಿದೆ ಅನ್ನೋದೇ ಗೊತ್ತಾಗೋದಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದೇ ಈ ಮೌನ.

ಸಿಜಿ-ನ್ಯಾಟ್ ಹಿಂದೆ ಕೂತಿದ್ದರೆ ಬರೀ ವೈರ್‌ಗಾರ್ಡ್ ಹಾಕೋದು ತಲೆನೋವು, ಟೇಲ್‌ಸ್ಕೇಲ್ ಹಾಕು. ಒಳಗಿರೋದು ಅದೇ ವೈರ್‌ಗಾರ್ಡ್. ಎರಡೂ ಕಡೆಯವರು ಒಳಗಿನಿಂದ ಹೊರಕ್ಕೆ ಹೋಗಿ ಭೇಟಿಯಾಗುವ ಹಾಗೆ ಅದು ಏರ್ಪಾಡು ಮಾಡುತ್ತೆ, ಹಾಗಾಗಿ ಯಾವ ಪೋರ್ಟೂ ತೆಗೆಯಬೇಕಿಲ್ಲ. ನೇರ ದಾರಿ ಸಿಗದಿದ್ದಾಗ ಅವರ ನಡುವಿನ ಸರ್ವರ್ ಮೂಲಕ ಹಾಯಿಸುತ್ತೆ, ಆಗ ವೇಗ ಕಡಿಮೆ, ವಿಡಿಯೋ ನಿಂತು ನಿಂತು ಬರಬಹುದು. ಮನೆಬಳಕೆಗೆ ಉಚಿತ ಯೋಜನೆಯೇ ಇದೆ. ಆಂಡ್ರಾಯ್ಡ್ ಟಿವಿಗೂ ಆಪಲ್ ಟಿವಿಗೂ ಅದರ ಆ್ಯಪ್ ಸಿಗುತ್ತೆ. ಚಿಕ್ಕಪ್ಪನ ಮನೆಯ ಟಿವಿ ಬೇರೆ ಥರದ್ದಾದರೆ ಒಂದು ಆಂಡ್ರಾಯ್ಡ್ ಪೆಟ್ಟಿಗೆ ಸಿಕ್ಕಿಸಿದರಾಯಿತು. ನೀನೇ ಒಂದು ಭಾನುವಾರ ಹೋಗಿ ಕೂರಿಸಿಕೊಟ್ಟು ಬಾ, ಫೋನಿನಲ್ಲಿ ಹೇಳಿಕೊಡಲು ಹೋಗಬೇಡ, ಜಗಳ ಆಗುತ್ತೆ. ಟೇಲ್‌ಸ್ಕೇಲ್‌ಗೆ ಲಾಗಿನ್ ಆಗೋದು ಗೂಗಲ್ ಥರದ ಖಾತೆಯಿಂದ. ಅಂದ ಮೇಲೆ ಮನೆಯ ಬೀಗದ ಕೈ ಈಗ ಆ ಖಾತೆಯಲ್ಲಿದೆ. ಅದಕ್ಕೆ ಎರಡು ಹಂತದ ಪರಿಶೀಲನೆ ಹಾಕದೆ ಮುಂದಕ್ಕೆ ಹೋಗಬೇಡ. ಅಕ್ಕನಿಗೂ ಹೇಳು. ಯಾರದ್ದಾದರೂ ಫೋನ್ ಕಳೆದುಹೋದರೆ ಆ ದಿನವೇ ಪಟ್ಟಿಯಿಂದ ತೆಗೆ.

‘ಆದ್ರೂ ಡೊಮೈನ್ ತಗೊಂಡು ಎಚ್‌ಟಿಟಿಪಿಎಸ್ ಹಾಕಿದ್ರೆ ಸಾಲ್ದಾ ಅತ್ತೆ?’ ಅಂತ ನೀನು ಕೇಳೇ ಕೇಳ್ತೀಯ. ಮುಂದೆ ಕ್ಯಾಡಿ ಅಂಥದ್ದೊಂದು ಪ್ರಾಕ್ಸಿ ನಿಲ್ಲಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್‌ನ ಪ್ರಮಾಣಪತ್ರ ಅದೇ ತರಿಸಿಕೊಳ್ಳುತ್ತೆ, ಅದೇ ನವೀಕರಿಸುತ್ತೆ, ದುಡ್ಡೂ ಇಲ್ಲ. ಪಾಸ್‌ವರ್ಡ್ ಬತ್ತಲೆ ಹೋಗೋದು ತಪ್ಪುತ್ತೆ. ಆದರೆ ಬಾಗಿಲಂತೂ ತೆರೆದೇ ಇರುತ್ತೆ. ಜೊತೆಗೆ, ಕೊಟ್ಟ ಪ್ರಮಾಣಪತ್ರಗಳ ಹೆಸರೆಲ್ಲ ಬಹಿರಂಗ ದಾಖಲೆಗೆ ಹೋಗುತ್ತೆ, ಬೇಕಾದವರು ಓದಬಹುದು. ‘ಸಿನಿಮಾ’ ಅಂತ ಉಪಡೊಮೈನ್ ಇಟ್ಟುಕೊಂಡು ಯಾರಿಗೂ ಹೇಳದಿದ್ದರೆ ಗುಟ್ಟಾಗಿರುತ್ತೆ ಅಂದುಕೊಂಡರೆ ಕೆಟ್ಟೆ. ದಾಖಲೆ ಓದುವ ಯಂತ್ರಗಳು ಅವತ್ತೇ ಬಂದು ತಟ್ಟುತ್ತವೆ. ನೂರಾರು ಜನಕ್ಕೆ ತೋರಿಸಬೇಕಾದವರು ಹಾಗೆ ಮಾಡಲಿ. ನಮಗಿರೋದು ಮೂರು ಮನೆ.

ರೌಟರಿನ ವಿಷಯ ಬೇಗ ಮುಗಿಸ್ತೀನಿ: ಅಡ್ಮಿನ್ ಪಾಸ್‌ವರ್ಡ್ ಇವತ್ತೇ ಬದಲಿಸು, ಯುಪಿಎನ್‌ಪಿ ಆಫ್ ಮಾಡು, ಹೊರಗಿನಿಂದ ರೌಟರ್ ಆಳುವ ಆಯ್ಕೆ ಇದ್ದರೆ ಅದನ್ನೂ ಮುಚ್ಚು. 2016ರಲ್ಲಿ ಮಿರಾಯ್ ಅನ್ನೋ ಕಳ್ಳ ಪ್ರೋಗ್ರಾಮ್ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳನ್ನು ವಶ ಮಾಡಿಕೊಂಡಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ ಅಂತಲೇ.

ಜೆಲ್ಲಿಫಿನ್ ಒಳಗೂ ಒಬ್ಬೊಬ್ಬರಿಗೆ ಒಂದೊಂದು ಖಾತೆ ತೆರೆ. ಮನೆಗೆಲ್ಲ ಒಂದೇ ಪಾಸ್‌ವರ್ಡ್ ಕೊಟ್ಟರೆ ನಾಳೆ ಒಬ್ಬರನ್ನು ತೆಗೆಯಬೇಕಾದಾಗ ಎಲ್ಲರನ್ನೂ ಎಬ್ಬಿಸಬೇಕಾಗುತ್ತೆ. ಅಳಿಸುವ ಅನುಮತಿ ಯಾರಿಗೂ ಬೇಡ. ಅಡ್ಮಿನ್ ಖಾತೆಯಿಂದ ನೀನೂ ಸಿನಿಮಾ ನೋಡಬೇಡ. ವಿಡಿಯೋ ಇರುವ ಫೋಲ್ಡರನ್ನು ಜೆಲ್ಲಿಫಿನ್‌ಗೆ ಓದಲು ಮಾತ್ರ ಕೊಡು, ಬರೆಯಲು ಬೇಡ. ನಾಳೆ ಯಾರಾದರೂ ಅದರೊಳಗೆ ನುಗ್ಗಿದರೂ ಅದರ ಕೈಯಿಂದ ನಮ್ಮವ್ವನ ಹಾಡು ಅಳಿಸಲಾಗಬಾರದು.

ಚಿತ್ರದ ಗುಣಮಟ್ಟ ಅಂತ ನೀನು ಒಂದೊಂದು ಕ್ಯಾಸೆಟ್ಟಿಗೂ 30 ಜಿಬಿ ಕಡತ ಮಾಡುತ್ತಿದ್ದೀಯಂತೆ. ಬೀರುವಿನಲ್ಲಿಡುವ ಮೂಲ ಪ್ರತಿ ಹಾಗಿರಲಿ, ಸಂತೋಷ. ಕಳಿಸುವ ಪ್ರತಿಗೆ ಅದು ಬೇಡ. ವಿಎಚ್‌ಎಸ್‌ನಲ್ಲಿ ಅಡ್ಡಡ್ಡಕ್ಕೆ ಇರೋದೇ ಸುಮಾರು 240 ಗೆರೆಯಷ್ಟು ವಿವರ. ಎಚ್.264ರಲ್ಲಿ 2-3 ಎಂಬಿಪಿಎಸ್‌ಗೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣೋದಿಲ್ಲ. ಬಹುತೇಕ ಎಲ್ಲ ಟಿವಿಗಳೂ ಅದನ್ನು ಹಾಗೇ ಓಡಿಸುತ್ತವೆ, ನಿನ್ನ ಸಣ್ಣ ಕಂಪ್ಯೂಟರ್ ಕೂತು ಮತ್ತೆ ರೂಪ ಬದಲಿಸಬೇಕಾಗಿಲ್ಲ. ಇಳಿಸುವಾಗ ಒಂದು ನೋಡಿಕೋ: ನಮ್ಮ ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ಎರಡು ಅರ್ಧವಾಗಿ ಹೆಣೆದುಕೊಂಡಿರುತ್ತೆ. ಆ ಹೆಣಿಗೆ ಬಿಡಿಸದೆ ಹಾಕಿದರೆ ಸೋಮ ತಿರುಗಿದಾಗಲೆಲ್ಲ ಅವನ ಸೀರೆಯಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಮೂಡುತ್ತೆ. ತಮಟೆ ಬಡಿಯೋರ ಕೈಯಂತೂ ಎರಡೆರಡಾಗಿ ಕಾಣುತ್ತೆ. ಇನ್ನು ಇಂಟರ್‌ನೆಟ್ ಪ್ಲಾನಿನಲ್ಲಿ ದೊಡ್ಡದಾಗಿ ಬರೆದಿರೋದು ಇಳಿಯುವ ವೇಗ. ನಿನಗೆ ಬೇಕಾಗಿರೋದು ಏರುವ ವೇಗ. ಮೂರು ಮನೆಯವರು ಒಟ್ಟಿಗೆ ನೋಡಿದರೂ 10 ಎಂಬಿಪಿಎಸ್ ಇದ್ದರೆ ನಡೆದುಹೋಗುತ್ತೆ.

ಕಂಪ್ಯೂಟರನ್ನು ಅಟ್ಟದ ಮೇಲೆ ಹೆಂಚಿನಡಿ ಇಡಬೇಡ. ರೇಷ್ಮೆ ಹುಳು ಮನೆಯ ಪಕ್ಕದ ಕೋಣೆಯೂ ಬೇಡ, ಅಲ್ಲಿ ಸುಣ್ಣದ ಪುಡಿ, ತೇವ, ಎರಡೂ ಜಾಸ್ತಿ. ಸಿ-ಡಾಟ್‌ನವರು 1986ರಲ್ಲಿ ಕಿತ್ತೂರಿನಲ್ಲಿ ಕೂರಿಸಿದ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜನ್ನು ಏಸಿ ಇಲ್ಲದೆ, ಧೂಳು ಸೆಖೆ ತಡೆಯುವ ಹಾಗೆ ಯೋಚನೆ ಮಾಡಿಯೇ ಕಟ್ಟಿದ್ದರು. ಅಂಗಡಿಯಿಂದ ನೀನು ತಂದ ಪೆಟ್ಟಿಗೆಯನ್ನು ಮರಳವಾಡಿಯ ಏಪ್ರಿಲ್ ನೋಡಿ ಯಾರೂ ಕಟ್ಟಿಲ್ಲ. ಕಂಪ್ಯೂಟರಿಗೂ ಫೈಬರ್ ಪೆಟ್ಟಿಗೆಗೂ ಯುಪಿಎಸ್ ಹಾಕು. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿದೆ, ಹುಡುಕಿ ಹಾಕು. ಇಲ್ಲದಿದ್ದರೆ ನೀನು ಕಾಲೇಜಿಗೆ ಹೋದಾಗ ನಿಮ್ಮಮ್ಮ ಮೆಲ್ಬರ್ನಿನಿಂದ ಬಂದ ಫೋನ್ ಹಿಡಿದುಕೊಂಡು ಗುಂಡಿ ಹುಡುಕಬೇಕಾಗುತ್ತೆ.

ಒಂದು ಹಾರ್ಡ್‌ಡಿಸ್ಕಿಗೆ ಎಲ್ಲದರ ಪ್ರತಿ ತೆಗೆದು ಕನಕಪುರದಲ್ಲಿ ನನ್ನ ಮನೆಗೆ ತಂದಿಡು. ಅದು ಯಾವ ನೆಟ್ಟಿಗೂ ತಾಗಿರಬಾರದು. ಆರು ತಿಂಗಳಿಗೊಮ್ಮೆ ಬಾ, ಪ್ರತಿ ಹೊಸದು ಮಾಡು, ಒಂದೆರಡು ಕಡತ ತೆಗೆದು ಓಡಿಸಿ ನೋಡು. ಬಂದವನು ಊಟ ಮಾಡಿಕೊಂಡೇ ಹೋಗು. ಕ್ಯಾಸೆಟ್ಟುಗಳನ್ನೂ ಎಸೆಯಬೇಡ, ಬೂಷ್ಟು ಹಿಡಿಯದ ಹಾಗೆ ಒಣ ಜಾಗದಲ್ಲಿಡು.

ಯಾವುದನ್ನು ತೋರಿಸೋದು ಅನ್ನೋದು ಇದೆಲ್ಲಕ್ಕಿಂತ ಕಷ್ಟದ್ದು. ಮದುವೆ ವಿಡಿಯೋದಲ್ಲಿ ನಮ್ಮ ಮನೆಯವರಷ್ಟೇ ಇಲ್ಲ. ಈಗ ಜೊತೆಗಿಲ್ಲದ ಗಂಡಹೆಂಡಿರಿದ್ದಾರೆ, ಮಾತು ಬಿಟ್ಟ ದಾಯಾದಿಗಳಿದ್ದಾರೆ, ಹೆಣ್ಣು ಶಾಸ್ತ್ರದಲ್ಲಿ ಒಳಕೋಣೆಯಲ್ಲಿ ಕೂತು ನಕ್ಕ ಹೆಂಗಸರಿದ್ದಾರೆ. ತಿಥಿಯ ಕ್ಯಾಸೆಟ್ಟೂ ಒಂದಿದೆ. ಅವನ್ನೆಲ್ಲ ಬೇರೆ ಲೈಬ್ರರಿ ಮಾಡಿ, ಸಂಬಂಧಪಟ್ಟವರ ಖಾತೆಗೆ ಮಾತ್ರ ಕಾಣುವ ಹಾಗೆ ಇಡು. ಜೆಲ್ಲಿಫಿನ್‌ನಲ್ಲಿ ಆ ಸೌಕರ್ಯ ಇದೆ. ನಿಮ್ಮಪ್ಪ ಕೊಂಡ ಸಿನಿಮಾ ಡಿವಿಡಿಗಳನ್ನು ಮನೆಯಲ್ಲಿ ನೋಡಿಕೊಳ್ಳಿ. ಗೆಳೆಯರಿಗೆಲ್ಲ ಖಾತೆ ಹಂಚಿದರೆ ಅದು ಬೇರೆ ಲೆಕ್ಕ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಹಕ್ಕು 60 ವರ್ಷ.

ಹಬ್ಬದ ಸೋಮನ ಕುಣಿತ ಮಾತ್ರ ಊರಿನದು. ಅದನ್ನು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡೋದೂ ಸರಿಯಲ್ಲ, ಅದಕ್ಕೋಸ್ಕರ ಮನೆ ಬಾಗಿಲು ತೆಗೆಯೋದೂ ಬೇಡ. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಪದ ಕೂಡಿಹಾಕಿ, ಕೊನೆಗೆ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಕುಣಿದವರ ಮನೆಯವರನ್ನು ಒಂದು ಮಾತು ಕೇಳಿ, ಒಪ್ಪಿದರೆ ಒಂದು ಪ್ರತಿ ಅಲ್ಲಿಗೆ ಕೊಡೋಣ. ನಾನೂ ಬರ್ತೀನಿ.

ಎಲ್ಲ ಕೂರಿಸಿದ ಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಟೇಲ್‌ಸ್ಕೇಲ್ ಆಫ್ ಮಾಡಿ ಜೆಲ್ಲಿಫಿನ್ ತೆಗೆಯಲು ನೋಡು. ಅದು ತೆರೆಯಬಾರದು. ತೆರೆಯಲಿಲ್ಲ ಅಂತ ಖಾತ್ರಿಯಾದ ಮೇಲೆ ನನ್ನ ಹೆಸರಿನಲ್ಲೂ ಒಂದು ಖಾತೆ ಮಾಡು. ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸಬೇಡ, ಸಂಜೆ ಏಳರ ಮೇಲೆ ಫೋನ್ ಮಾಡಿ ಹೇಳು, ಬರೆದುಕೊಳ್ತೀನಿ.