ಕಲ್ಲು ಕೈಗೆ ಕೊಡಿ

ನವಿಲುತೀರ್ಥಕ್ಕೆ ಮಕ್ಕಳನ್ನು ಕರೆದೊಯ್ಯುವ ಗುರುಗಳೇ, ಕಣ್ಣು ಕಾಣದ ಹುಡುಗಿಯನ್ನೋ ಗಾಲಿಕುರ್ಚಿಯ ಹುಡುಗನನ್ನೋ ಶಾಲೆಯಲ್ಲೇ ಬಿಟ್ಟು ಹೋಗಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರವಾಸದ ದಿನ ರಜೆ ಹಾಕುವುದಿಲ್ಲ.

ಮಲಪ್ರಭಾ ನದಿ ಅಲ್ಲಿನ ಗುಡ್ಡ ಸೀಳಿದ ಬಗೆಯನ್ನು ಒದ್ದೆ ಮರಳಿನಲ್ಲಿ ಮಾಡಿ, ಬೆರಳಿಗೆ ತೋರಿಸಿ. ಆ ಗುಡ್ಡದ ಕಲಾದಗಿ ಶ್ರೇಣಿಯ ಮರಳುಗಲ್ಲು ನೂರು ಕೋಟಿ ವರ್ಷಕ್ಕೂ ಹಳೆಯದು. ಅದರ ತರಿ ಅಂಗೈಗೆ ತಿಳಿಯುತ್ತದೆ. ಪಕ್ಕದಲ್ಲಿ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾದ ಕಪ್ಪುಕಲ್ಲು ಇಡಿ. ಬೈಲಹೊಂಗಲದ ಎರೆಮಣ್ಣನ್ನೂ ನೆನೆಸಿ ಕೊಡಿ, ಅಂಟು ತಾನೇ ಪಾಠ ಹೇಳುತ್ತದೆ. (ಕಣ್ಣಿದ್ದವರೂ ಮುಟ್ಟಲಿ, ಕಲ್ಲನ್ನು ನಾವು ನೋಡಿದ್ದೇ ಹೆಚ್ಚು.)

ಕಿವಿ ಕೇಳದವರಿದ್ದರೆ ಬಂಡೆಯತ್ತ ತಿರುಗಿ ಮಾತಾಡಬೇಡಿ. ಅವರ ಮುಖ ನೋಡಿ ಹೇಳಿ, ಆಮೇಲೆ ಬೆರಳು ತೋರಿಸಿ. ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆಂದು ಮುಂಚೆಯೇ ನೋಡಿ ಬಂದು, ಇಡೀ ತರಗತಿಯ ಪಾಠವನ್ನು ಅಲ್ಲೇ ಮಾಡಿ.