ಒಂದು ಮುಖಕ್ಕೆ ಎಷ್ಟು ಮುಖ? – ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 8 ವಿಷಯ: ಗಣಿತ
ಪಾಠಾಂಶ: ಬಹುಮುಖ ಘನಾಕೃತಿಗಳು, ಆಯ್ಲರನ ಸೂತ್ರ
ಸ್ಥಳ: ಸಿರುಗುಪ್ಪದ ಒಂದು ಪ್ರೌಢಶಾಲೆ

ಪ್ರೇರಣೆ: ನಮ್ಮೂರು ಕುರುಗೋಡಿನ ದೊಡ್ಡ ಬಸವಣ್ಣನ ಮೂರ್ತಿಯನ್ನು ಮಕ್ಕಳು ಕಂಡವರೇ. ಕಲ್ಲಿನಲ್ಲಿ ಉಳಿ ತಪ್ಪಿದರೆ ತಿದ್ದಲಾಗದು. ಆದರೆ ಕಂಪ್ಯೂಟರಿನಲ್ಲಿ ಕೆತ್ತುವ ಶಿಲ್ಪಿಗಳೂ ಇದ್ದಾರೆ ಎಂದೆ. 1966ರ 'ಸ್ಟಾರ್ ಟ್ರೆಕ್' ಧಾರಾವಾಹಿಯ ಆಕಾಶನೌಕೆ 11 ಅಡಿ ಉದ್ದದ ಕೈಮಾದರಿ. 1995ರಲ್ಲಿ ಆರಂಭವಾದ 'ವಾಯೇಜರ್' ಸರಣಿ ಮುಂದುವರಿದಂತೆ ಆ ಕೆಲಸ ಕ್ರಮೇಣ ಡಿಜಿಟಲ್ ಮಾದರಿಗಳಿಗೆ ಬಂತು. ನಮ್ಮಲ್ಲಿ 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಕೋಡಿ ರಾಮಕೃಷ್ಣ ನಿರ್ದೇಶನದ 'ನಾಗರಹಾವು' (2016) ಚಿತ್ರದಲ್ಲಿ ಹೀಗೆಯೇ ಮರಳಿ ತೋರಿಸಿದರು. ಇಂಥ ಮುಖವೆಂದರೆ ಸಣ್ಣ ಸಣ್ಣ ತ್ರಿಭುಜ, ಚತುರ್ಭುಜಗಳ ಜಾಲ. ಒಬ್ಬ ಹುಡುಗ ಕೇಳಿದ: "ಸರ್, ಹಂಗಾದ್ರ ಒಂದು ಮುಖಕ್ಕ ಎಷ್ಟು ಮುಖ ಇರ್ತಾವ್ರಿ?" ತರಗತಿ ನಕ್ಕಿತು, ಪಾಠಕ್ಕೆ ದಾರಿ ಸಿಕ್ಕಿತು.

ಚಟುವಟಿಕೆ: ರಟ್ಟಿನ ಮೂರು ತ್ರಿಭುಜ ಅಂಟಿಸಿ ಮೂಗು ಮಾಡಿಸಿದೆ. ಮುಖ, ಶೃಂಗ, ಅಂಚು ಎಣಿಸಿ, 'ಮುಖ + ಶೃಂಗ – ಅಂಚು = 2' ತಾಳೆ ನೋಡಿ ಎಂದೆ. ಅದೇ ಹುಡುಗ 3 + 4 – 6 = 1 ಎಂದು ಬರೆದ. "ತಪ್ಪು, ಮತ್ತೆ ಎಣಿಸು" ಎಂದೆ. ಎರಡನೇ ಸಲವೂ 1. ಮೂರನೇ ಸಲ ಅವನು 6 ಅಳಿಸಿ 5 ಮಾಡಿದ. ಉತ್ತರ 2 ಬಂತು. ನಾನು ಸರಿ ಗುರುತು ಹಾಕಿದೆ.

ಪಾಠದ ನಂತರ, ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕರು ಆ ಮೂಗನ್ನು ನನ್ನ ಕೈಗಿಟ್ಟು "ನೀವು ಎಣಿಸಿದ್ದೀರಾ?" ಎಂದಷ್ಟೇ ಕೇಳಿದರು. ಎಣಿಸಿದೆ. ಅಂಚುಗಳು ಆರೇ. ಮೂಗಿನ ಹಿಂಬದಿ ತೆರೆದಿತ್ತು. ಮುಚ್ಚಿದ ಘನಕ್ಕೆ ಹೇಳಿದ ಸೂತ್ರವನ್ನು ನಾನು ತೆರೆದ ಆಕೃತಿಗೆ ಹಚ್ಚಿದ್ದೆ. ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ಕಾಡಿದ್ದು ಸೂತ್ರವಲ್ಲ. ಕಣ್ಣಾರೆ ಕಂಡ ಅಂಚೊಂದನ್ನು ಆ ಹುಡುಗ ನನಗಾಗಿ ಅಳಿಸಿದ್ದು.

ಮರುಪಾಠ: ಮರುದಿನ ಮೊದಲು ಹೇಳಿದ್ದು, "ನಿನ್ನೆ ಅವನ ಎಣಿಕೆ ಸರಿ, ನನ್ನ ಗುರುತು ತಪ್ಪು." ಹಿಂಬದಿಗೆ ನಾಲ್ಕನೇ ತ್ರಿಭುಜ ಅಂಟಿಸಿದೆವು: 4 + 4 – 6 = 2. ಬಳಿಕ ಡಿಜಿಟಲ್ ಶಿಲ್ಪಿ ಜಾಲವನ್ನು ನಯಗೊಳಿಸುವ ಒಂದು ಕ್ರಮ ಮಾಡಿಸಿದೆ. ಅಂಚುಗಳ ಮಧ್ಯಬಿಂದು ಸೇರಿಸಿದರೆ ಒಂದು ತ್ರಿಭುಜ ನಾಲ್ಕಾಗುತ್ತದೆ. ಆಗ ಮುಖ 16, ಶೃಂಗ 10, ಅಂಚು 24. ಉತ್ತರ ಮತ್ತೆ 2. ಹೀಗೆ ಎಷ್ಟು ಸಲ ಒಡೆದರೂ ಅದು ಬದಲಾಗದು.

ಮೌಲ್ಯಮಾಪನ: ತಳವಿಲ್ಲದ ಚೌಕ ಪಿರಮಿಡ್ ಕೊಟ್ಟೆ. ಹೆಚ್ಚಿನವರು 4 + 5 – 8 = 1 ಎಂದು ಬರೆದು, "ತಳ ತೆರೆದಿದೆ" ಎಂಬ ಕಾರಣವನ್ನೂ ಸೇರಿಸಿದರು. ಆ ಹುಡುಗ ಏನನ್ನೂ ಅಳಿಸಲಿಲ್ಲ.

ಸ್ವಯಂ ವಿಮರ್ಶೆ: ಬೋಧನೋಪಕರಣವನ್ನು ಶಿಕ್ಷಕ ಮೊದಲು ತಾನೇ ಎಣಿಸಿ ನೋಡಬೇಕು. ಸೂತ್ರದ ಜೊತೆಗೆ ಅದರ ಷರತ್ತನ್ನೂ ಹಲಗೆಯ ಮೇಲೆ ಬರೆಯಬೇಕು. ಮಗು ಉತ್ತರ ಬದಲಿಸಿದಾಗ, ಏಕೆ ಬದಲಿಸಿತು ಎಂದು ಕೇಳಿದ ಮೇಲೆಯೇ ಸರಿ ಗುರುತು ಹಾಕಬೇಕು.