ಇಡ್ಲಿ ಹಿಟ್ಟು, ರಾಗಿ ಸರಿ, ಒಂದು ಹನಿ ಜೇನು
(ಆಹಾರ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನದ ಓದು)



ಕೆಲವು ವರ್ಷಗಳ ಹಿಂದೆ ನಾನೂ ನಿಮ್ಮ ಹಾಗೆಯೇ ಶನಿವಾರ ಬೆಳಗ್ಗೆ ನಿದ್ದೆಗಣ್ಣಲ್ಲಿ ಈ ಕನ್ನಡ ಶಾಲೆಗೆ ಬರುತ್ತಿದ್ದೆ. ಈಗ ಸ್ಟುಟ್‌ಗಾರ್ಟ್‌ನ ಹೋಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಓದುತ್ತಿದ್ದೇನೆ. "ಅಡುಗೆ ಕಲಿಯೋಕೆ ಯೂನಿವರ್ಸಿಟಿ ಬೇಕಾ?" ಅಂತ ಎಷ್ಟೋ ಜನ ಕೇಳಿದ್ದಾರೆ. ಉತ್ತರವನ್ನು ಇಡ್ಲಿ ಹಿಟ್ಟಿನಿಂದಲೇ ಶುರು ಮಾಡೋಣ.

ಒಂದು ಹಿಟ್ಟು, ಎರಡು ಪ್ರಶ್ನೆ

ರಾತ್ರಿ ಅಕ್ಕಿ, ಉದ್ದಿನಬೇಳೆ ರುಬ್ಬಿ ಇಡುತ್ತೇವೆ. ಬೆಳಗ್ಗೆ ಹಿಟ್ಟು ಪಾತ್ರೆ ತುಂಬ ಉಬ್ಬಿರುತ್ತದೆ. ಯೀಸ್ಟ್ ಹಾಕಿಲ್ಲ, ಸೋಡಾ ಹಾಕಿಲ್ಲ. ಹಾಗಾದರೆ ಉಬ್ಬಿಸಿದ್ದು ಯಾರು?

ಬೇಳೆಯ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು! ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೋನೋಸ್ಟಾಕ್ ಮೆಸೆಂಟರಾಯ್ಡಿಸ್. ಅದು ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಗುಳ್ಳೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ 30 ಡಿಗ್ರಿ ಹತ್ತಿರದ ಬಿಸಿ ಇಷ್ಟ. ಅದಕ್ಕೇ ಜನವರಿಯಲ್ಲಿ ನಮ್ಮ ಮನೆಗಳಲ್ಲಿ ಹಿಟ್ಟು ಮುನಿಸಿಕೊಂಡು ಕೂರುತ್ತದೆ. ಇನ್ನೊಂದು ಗುಟ್ಟು ಹೇಳಲಾ? ನಿಮ್ಮ ಜರ್ಮನ್ ಗೆಳೆಯರ ಮನೆಯ ಸೌವರ್‌ಕ್ರೌಟ್ ಹುಳಿಯಾಗಲು ಶುರುವಾಗುವುದೂ ಇದೇ ಬ್ಯಾಕ್ಟೀರಿಯಾದಿಂದ.

ಹೀಗೆ ಜೀವಿಗಳಿಂದ ಕೆಲಸ ಮಾಡಿಸಿಕೊಳ್ಳುವ ವಿದ್ಯೆಯೇ ಜೈವಿಕ ತಂತ್ರಜ್ಞಾನ. ಮೊಸರು, ಬ್ರೆಡ್ಡು, ಚೀಸ್ ಅದರ ಹಳೆಯ ಮಕ್ಕಳು. ಇನ್ಸುಲಿನ್ ಹೊಸ ಮಗು: ಬ್ಯಾಕ್ಟೀರಿಯಾದೊಳಗೆ ತಯಾರಿಸಿದ ಇನ್ಸುಲಿನ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ.

ಎರಡನೆಯ ಪ್ರಶ್ನೆ: ಆ ಇಡ್ಲಿ ತಿಂದರೆ ಮೈಗೆ ಏನು ಸಿಗುತ್ತದೆ? ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಉದ್ದಿನಲ್ಲಿ ಹೆಚ್ಚು. ಉದ್ದಿನಲ್ಲಿ ಕೊರತೆ ಇರುವ ಮಿಥಿಯೋನಿನ್ ಅಕ್ಕಿಯಿಂದ ಬರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ಹುಡುಕುವುದು ಪೋಷಣಾ ವಿಜ್ಞಾನ.

ಅಜ್ಜಿ ಹೇಳಿದ್ದೆಲ್ಲ ಸರಿಯಾ?

ನನಗೆ ಹನ್ನೊಂದು ವರ್ಷ ಇದ್ದಾಗ ತಮ್ಮ ಹುಟ್ಟಿದ. ತುಮಕೂರಿನಿಂದ ಬಂದಿದ್ದ ಅಜ್ಜಿ ಮಗುವಿನ ನಾಲಿಗೆಗೆ ಒಂದು ಹನಿ ಜೇನು ಸವರಲು ಹೊರಟರು. ಮನೆಗೆ ಬರುತ್ತಿದ್ದ ಸೂಲಗಿತ್ತಿ ಬೇಡವೇ ಬೇಡ ಅಂದರು. "ನನ್ನ ನಾಲ್ಕು ಮಕ್ಕಳಿಗೂ ಕೊಟ್ಟಿದ್ದೀನಿ, ಏನಾಯ್ತು?" ಅಂತ ಅಜ್ಜಿಗೆ ಬೇಜಾರು. ಅಮ್ಮ ಇಬ್ಬರ ನಡುವೆ ಸಿಕ್ಕಿಕೊಂಡರು.

ಆರು ತಿಂಗಳು ತುಂಬಿದ ಮೇಲೆ ಮತ್ತೊಂದು ಮಾತು ಬಂತು. ಅಜ್ಜಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಸರಿ ಹಿಟ್ಟು ಮಾಡಿಕೊಟ್ಟರು. "ಮೊಳಕೆ ಯಾಕಜ್ಜಿ?" ಅಂದೆ. "ಗಂಜಿ ತೆಳ್ಳಗೆ ಬರುತ್ತೆ, ಮಗೂಗೆ ಅರಗುತ್ತೆ" ಅಂದರು.

ಯಾರು ಸರಿ? ಜೇನಿನ ವಿಷಯದಲ್ಲಿ ಸೂಲಗಿತ್ತಿ ಸರಿ. ಜೇನಿನಲ್ಲಿ ಕೆಲವೊಮ್ಮೆ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ನಮ್ಮ ಕರುಳು ಅವನ್ನು ಬೆಳೆಯಲು ಬಿಡುವುದಿಲ್ಲ. ಎಳೆಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿ ಅವು ಬೆಳೆದು ಬಿಡುವ ವಿಷದಿಂದ ಮಗುವಿನ ಸ್ನಾಯುಗಳು ಸೋಲುತ್ತವೆ, ಉಸಿರಾಟಕ್ಕೂ ತೊಂದರೆಯಾಗಬಹುದು. ಅದಕ್ಕೇ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೊಡಬಾರದು. ಈ ಕಾಯಿಲೆ ಅಪರೂಪ. ಅಪರೂಪದ ಅಪಾಯ ನಾಲ್ಕು ಮಕ್ಕಳನ್ನು ನೋಡಿದರೆ ಕಾಣುವುದಿಲ್ಲ, ಲಕ್ಷಾಂತರ ಮಕ್ಕಳ ಲೆಕ್ಕ ಇಟ್ಟಾಗ ಮಾತ್ರ ಕಾಣುತ್ತದೆ. ಸಂಖ್ಯಾಶಾಸ್ತ್ರ ನಮಗೆ ಬೇಕಾಗುವುದು ಇಲ್ಲೇ.

ರಾಗಿಯ ವಿಷಯದಲ್ಲಿ ಅಜ್ಜಿ ನೂರಕ್ಕೆ ನೂರು ಸರಿ. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ಗಟ್ಟಿಯಾಗುವುದಿಲ್ಲ. ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೊಳಕೆ ಕಟ್ಟಿದರೆ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಅಮೈಲೇಸ್ ಪಾಠವಾದ ದಿನ ಅಜ್ಜಿಗೆ ಫೋನ್ ಮಾಡಿದೆ. "ಓ, ಅದಕ್ಕೊಂದು ಹೆಸರೂ ಇಟ್ಟಿದ್ದಾರಾ? ಒಳ್ಳೇದಾಯ್ತು ಬಿಡು" ಅಂದರು!

ನೋಡಿ ಮಕ್ಕಳೇ, ಅಜ್ಜಿ ಹೇಳಿದರು ಅಂತ ನಂಬುವುದೂ ಅಲ್ಲ, ಹಳೇ ಕಾಲದ್ದು ಅಂತ ಬಿಸಾಡುವುದೂ ಅಲ್ಲ. ಪರೀಕ್ಷೆ ಮಾಡಿ ನೋಡುವುದು. ನಾನು ಓದುತ್ತಿರುವುದು ಅದನ್ನೇ.

ಓದು ಹೇಗಿರುತ್ತದೆ?

ಪದವಿಗೆ 6 ಸೆಮಿಸ್ಟರ್. ಶುರುವಿನಲ್ಲಿ ಅಡುಗೆಮನೆಯ ಸುಳಿವೇ ಇರುವುದಿಲ್ಲ, ಬರೀ ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ. ಆಮೇಲೆ ಸೂಕ್ಷ್ಮಜೀವಿಗಳು, ಆಹಾರ ಕೆಡದಂತೆ ಕಾಪಾಡುವ ವಿಧಾನಗಳು, ಪ್ರಯೋಗಾಲಯ. ಹಾಗಾಗಿ ಶಾಲೆಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಕಷ್ಟ ಅಂತ ಬೇಗ ಕೈಬಿಡಬೇಡಿ.

ಪೋಷಕರಿಗೊಂದು ಮಾತು. ಇದು ಸಣ್ಣ ವಿಷಯವಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಇಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಜನ ಹಸಿವಿನಿಂದ ನರಳಿದರು. ಆ ಬರಗಾಲದ ನಂತರ 1818ರಲ್ಲಿ ವುರ್ಟೆಂಬರ್ಗ್‌ನ ರಾಜ ಮೊದಲನೆಯ ವಿಲ್‌ಹೆಲ್ಮ್ ಹೋಹೆನ್‌ಹೈಮ್‌ನಲ್ಲಿ ಕೃಷಿ ವಿದ್ಯಾಸಂಸ್ಥೆ ತೆರೆದ. ಅದೇ ಇಂದಿನ ನಮ್ಮ ವಿಶ್ವವಿದ್ಯಾಲಯ. ನೀವು ಪ್ರತಿ ವರ್ಷ ಹೋಗುವ ಕಾನ್‌ಸ್ಟಾಟ್ ಜಾತ್ರೆ ಶುರುವಾಗಿದ್ದೂ ಅದೇ ವರ್ಷ. ನಮ್ಮ ಮೈಸೂರಿನಲ್ಲೂ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇದೆ. ಊರಿಗೆ ಹೋದಾಗ ಅದಿರುವ ಚೆಲುವಾಂಬ ಮಹಲನ್ನು ಮಕ್ಕಳಿಗೆ ತೋರಿಸಿ.

ಮನೆಯಲ್ಲಿ ಮಾಡಿ ನೋಡಿ

1. ಈಗಷ್ಟೇ ರುಬ್ಬಿದ ಇಡ್ಲಿ ಹಿಟ್ಟನ್ನು ಎರಡು ಗಾಜಿನ ಲೋಟಗಳಲ್ಲಿ ಅರ್ಧದಷ್ಟು ತುಂಬಿ, ಮೇಲೆ ತಟ್ಟೆ ಮುಚ್ಚಿ.
2. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ.
3. ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಹೀಟರ್ ಹತ್ತಿರ ಇಡಿ.
4. ಮರುದಿನ ಎಷ್ಟು ಸೆಂಟಿಮೀಟರ್ ಉಬ್ಬಿದೆ, ವಾಸನೆ ಹೇಗಿದೆ, ಕನ್ನಡದಲ್ಲಿ ಬರೆದಿಡಿ.
(ಹಿಟ್ಟಿನ ಮೇಲೆ ಬಣ್ಣದ ಬೂಷ್ಟು ಕಂಡರೆ ತಿನ್ನಬೇಡಿ, ಎಸೆಯಿರಿ.)

ಹೊಸ ಪದಗಳು: ಸೂಕ್ಷ್ಮಜೀವಿ – ಬರಿಗಣ್ಣಿಗೆ ಕಾಣದ ಜೀವಿ. ಕಿಣ್ವ – ದೇಹದ ರಾಸಾಯನಿಕ ಕೆಲಸಗಳನ್ನು ಬೇಗ ಮಾಡಿಸುವ ವಸ್ತು. ಪಿಷ್ಟ – ಅಕ್ಕಿ, ರಾಗಿ, ಆಲೂಗಡ್ಡೆಯಲ್ಲಿ ತುಂಬಿರುವ ಹಿಟ್ಟಿನ ಅಂಶ.

ಕೊನೆಯದಾಗಿ ಒಂದು ಮನೆಪಾಠ: ಈ ವಾರ ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಅವರ ಅಡುಗೆಯ ಒಂದು ಪದ್ಧತಿ ಕೇಳಿ. ಕೇಳಿದ ಮೇಲೆ "ಯಾಕೆ?" ಅಂತ ಇನ್ನೊಂದು ಸಲ ಕೇಳಿ.